ಬಿಸಿಲ ನಾಡಿನಲ್ಲಿ ವಸಂತದ ಗೆಡ್ಡೆ ಹೂಗಳು: ಆಯ್ಕೆಯಿಂದ ಆರೈಕೆಯವರೆಗೆ

ಸೆಪ್ಟೆಂಬರ್ ಬಂತೆಂದರೆ ಮೊಬೈಲ್ ತುಂಬ ಟ್ಯೂಲಿಪ್, ಡ್ಯಾಫೊಡಿಲ್, ಹಯಾಸಿಂತ್ ಗೆಡ್ಡೆಗಳ ಜಾಹೀರಾತು. ಚಿತ್ರಕ್ಕೆ ಮರುಳಾಗಿ ದುಡ್ಡು ಕಳುಹಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗೆಡ್ಡೆ ತನ್ನ ತವರಿನಲ್ಲಿ ಯಾವಾಗ ಮಲಗುತ್ತದೆ, ಅದನ್ನು ಎಬ್ಬಿಸುವುದು ಯಾವುದು? ತಿಂಗಳುಗಟ್ಟಲೆ ಚಳಿ ಉಂಡು, ಹಿಮ ಕರಗಿದಾಗ ಏಳುವ ಗೆಡ್ಡೆಗಳದು ಒಂದು ಬಗೆ. ಒಣಗಿ ಬಿರಿದ ನೆಲಕ್ಕೆ ಹನಿ ನೀರು ಬಿದ್ದಾಗ ಏಳುವ ಗೆಡ್ಡೆಗಳದು ಇನ್ನೊಂದು ಬಗೆ. ಕಲಬುರಗಿ, ಬೀದರ್, ಯಾದಗಿರಿಗೆ ಹೇಳಿ ಮಾಡಿಸಿದ್ದು ಈ ಎರಡನೆಯದು. ಇಲ್ಲಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಆರೈಕೆಯಲ್ಲಿ ಸೋತವರಲ್ಲ, ಆಯ್ಕೆಯಲ್ಲಿಯೇ ಎಡವಿದವರು.

ನಮ್ಮ ವಸಂತವೂ ಬೇರೆಯದೇ. ಫೆಬ್ರವರಿ ಮಧ್ಯದಿಂದ ಯುಗಾದಿಯವರೆಗೆ ಹಿತವಾದ ಹವೆ, ಆಮೇಲೆ ನೇರ ಬೇಸಿಗೆ. ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 42 ಡಿಗ್ರಿ ಮುಟ್ಟುವುದು ಮಾಮೂಲು. ಆದ್ದರಿಂದ ನಮ್ಮ ತೋಟಕ್ಕೆ ಎರಡು ಸುಗ್ಗಿಗಳನ್ನು ಯೋಜಿಸಬೇಕು. ಒಂದು, ಫೆಬ್ರವರಿ ಮತ್ತು ಮಾರ್ಚ್‌ನದು. ಇನ್ನೊಂದು, ಭರಣಿ, ಕೃತ್ತಿಕಾ ಮಳೆಯ ಮೊದಲ ಹನಿಗಳ ಜೊತೆ ಬರುವುದು.

ಮೊದಲು ಟ್ಯೂಲಿಪ್ ಆಸೆಯನ್ನು ಇತ್ಯರ್ಥ ಮಾಡಿಕೊಳ್ಳಿ

ಟ್ಯೂಲಿಪ್ ಗೆಡ್ಡೆಯೊಳಗಿನ ಹೂಮೊಗ್ಗು ಉದ್ದವಾಗಿ ಮೇಲೇಳಬೇಕಾದರೆ ಸುಮಾರು 12ರಿಂದ 16 ವಾರ 9 ಡಿಗ್ರಿಗಿಂತ ಕಡಿಮೆ ಚಳಿ ಬೇಕು. ಬೀದರ್‌ನಲ್ಲಿ ಕೆಲವು ವರ್ಷ ಡಿಸೆಂಬರ್‌ ರಾತ್ರಿಗಳು 10 ಡಿಗ್ರಿಗಿಂತ ಕೆಳಗಿಳಿಯುತ್ತವೆ, ನಿಜ. ಆದರೆ ಹಗಲು ಮತ್ತೆ 27, 28ಕ್ಕೆ ಏರಿ ಕೂರುತ್ತದೆ. ಆ ಚಳಿ ನಮಗೆ ಸ್ವೆಟರ್ ತೊಡಿಸಲು ಸಾಕು, ಟ್ಯೂಲಿಪ್‌ಗೆ ಸಾಲದು. ದೆಹಲಿಯ ರಸ್ತೆ ಬದಿಗಳಲ್ಲಿ ಫೆಬ್ರವರಿಯಲ್ಲಿ ಕಾಣುವ ಟ್ಯೂಲಿಪ್‌ಗಳು ಕೂಡ ನೆದರ್‌ಲೆಂಡ್ಸ್‌ನಿಂದ ತರಿಸಿದ ಗೆಡ್ಡೆಗಳವೇ ಹೆಚ್ಚು.

ಫ್ರಿಜ್‌ನಲ್ಲಿಟ್ಟು ಚಳಿ ಕೊಡಬಹುದಲ್ಲ ಎಂದರೆ, ಕೊಡಬಹುದು. ಕಾಗದದ ಚೀಲದಲ್ಲಿ ಹಾಕಿ, ತರಕಾರಿ ಡಬ್ಬಿಯಲ್ಲಿಟ್ಟು, ಹತ್ತಿರ ಸೇಬು ಇಡದಂತೆ ನೋಡಿಕೊಳ್ಳಬೇಕು. ಸೇಬು ಹೊರಸೂಸುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನೇ ಕೊಲ್ಲುತ್ತದೆ. ಇಷ್ಟೆಲ್ಲ ಮಾಡಿದರೂ ಹೂ ನಿಲ್ಲುವುದು ಕೆಲವೇ ದಿನ, ಗೆಡ್ಡೆ ಮರುವರ್ಷಕ್ಕೆ ಉಳಿಯುವುದಿಲ್ಲ. ಒಮ್ಮೆ ಕುಂಡದಲ್ಲಿ ನೋಡಿ ಖುಷಿಪಡುತ್ತೇನೆ ಎನ್ನುವವರನ್ನು ತಡೆಯುವುದಿಲ್ಲ. ಅದನ್ನು ನಂಬಿ ತೋಟ ಕಟ್ಟುತ್ತೇನೆ ಎಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇನ್ನು ಟ್ಯೂಲಿಪ್ ‘ಬೀಜ’ ಎಂದು ಮಾರುವ ಪೊಟ್ಟಣಗಳ ಕಡೆ ತಿರುಗಿಯೂ ನೋಡಬೇಡಿ. ನಿಜವಾದ ಬೀಜವೇ ಆದರೂ ತಣ್ಣನೆಯ ದೇಶದಲ್ಲೇ ಹೂ ಬರಲು ಐದಾರು ವರ್ಷ ಬೇಕು.

ಡ್ಯಾಫೊಡಿಲ್ ಸೇರಿರುವ ನರ್ಗಿಸ್ ಜಾತಿಯಲ್ಲಿ ಮಾತ್ರ ಒಂದು ವಿನಾಯಿತಿ ಇದೆ. ಪೇಪರ್‌ವೈಟ್ ಎಂಬ ಬಿಳಿ ನರ್ಗಿಸ್‌ಗೆ ಚಳಿಯ ಹಂಗಿಲ್ಲ. ಅಕ್ಟೋಬರ್ ಕೊನೆಗೆ ಅಗಲವಾದ ಬಟ್ಟಲಿನಲ್ಲಿ ಬೆಣಚುಕಲ್ಲು ಹರಡಿ, ಗೆಡ್ಡೆಯ ಬುಡಕ್ಕೆ ತಾಗುವಷ್ಟೇ ನೀರು ನಿಲ್ಲಿಸಿ, ಮನೆಯ ತಂಪು ಮೂಲೆಯಲ್ಲಿಟ್ಟರೆ ನಾಲ್ಕೈದು ವಾರಗಳಲ್ಲಿ ಹೂ.

ನಮ್ಮ ನೆಲಕ್ಕೆ ಒಪ್ಪುವ ಗೆಡ್ಡೆಗಳು

ತೋಟಕ್ಕೆ ವಿದೇಶಿ ಉಷ್ಣವಲಯದ ಚಹರೆ ಬೇಕು ಎಂದರೆ ದೊಡ್ಡ ಎಲೆ, ದಪ್ಪ ಹೂದಂಟು, ಗಾಢ ಬಣ್ಣ ಬೇಕು. ಇವು ಮೂರೂ ಇರುವ ಗೆಡ್ಡೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ.

ಮೊದಲ ಸ್ಥಾನ ಹಿಪ್ಪಿಯಾಸ್ಟ್ರಮ್‌ಗೆ. ನರ್ಸರಿಗಳಲ್ಲಿ ಇದನ್ನು ಅಮರಿಲ್ಲಿಸ್ ಎಂದೇ ಕರೆಯುತ್ತಾರೆ, ಹಾಗೆಯೇ ಕೇಳಿ. ದಕ್ಷಿಣ ಅಮೆರಿಕದ ಈ ಗೆಡ್ಡೆಗೆ ವಿಶ್ರಾಂತಿ ಎಂದರೆ ಚಳಿಯಲ್ಲ, ನೀರಿಲ್ಲದಿರುವುದು. ಹಳೆಯ ಮನೆಗಳ ಅಂಗಳದಲ್ಲಿ ಕಾಣುವ ಕಿತ್ತಳೆಗೆಂಪಿನ ಹಳೇ ತಳಿ ಹೆಚ್ಚು ಗಟ್ಟಿ. ಬಿಳಿ, ಗುಲಾಬಿ ಪಟ್ಟೆಯ ಹೈಬ್ರಿಡ್ ತಳಿಗಳ ಹೂ ದೊಡ್ಡದು, ನಾಜೂಕೂ ಹೆಚ್ಚು.

ಎರಡನೆಯದು ಫುಟ್‌ಬಾಲ್ ಲಿಲ್ಲಿ. ಆಫ್ರಿಕಾ ಮೂಲದ ಸ್ಕ್ಯಾಡಾಕ್ಸಸ್. ನೂರಾರು ಸಣ್ಣ ಕೆಂಪು ಹೂಗಳು ಒಂದೇ ದಂಟಿನ ತುದಿಯಲ್ಲಿ ದುಂಡಗೆ ಕೂಡಿಕೊಂಡು ಬರುತ್ತವೆ. ಏಪ್ರಿಲ್ ಕೊನೆಯಿಂದ ಜೂನ್ ಒಳಗೆ, ಎಲೆ ಬರುವ ಮೊದಲೇ ಅಥವಾ ಎಲೆಯ ಜೊತೆಗೇ ಹೂ. ಗೆಡ್ಡೆಗೆ ವರ್ಷಕ್ಕೆ ಒಂದೇ ಹೂಗೊಂಚಲು, ಆದರೆ ಬೇಸಿಗೆಯ ಬೋಳು ತೋಟದಲ್ಲಿ ಆ ಒಂದೇ ಸಾಕು.

ಮಳೆ ಲಿಲ್ಲಿ, ಅಂದರೆ ಜೆಫಿರಾಂಥಸ್, ಅಗ್ಗದ್ದು, ಸಾಯದ್ದು. ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಪಾತಿಯಂಚಿನಲ್ಲಿ ಗುಲಾಬಿ, ಹಳದಿ ಹೂಗಳು ಒಟ್ಟಿಗೇ ಏಳುತ್ತವೆ. ಸ್ಪೈಡರ್ ಲಿಲ್ಲಿ ಮತ್ತು ಕ್ರೈನಮ್‌ಗಳು ಹೂವಿಗಿಂತ ಎಲೆಗಾಗಿ ಬೇಕು. ಸೊಂಟದೆತ್ತರದ ಕ್ರೈನಮ್ ಪೊದೆಯೊಂದಿದ್ದರೆ ತೋಟದ ಮೈಕಟ್ಟೇ ಬೇರೆ. ನೆರಳಿರುವಲ್ಲಿ ಬಣ್ಣದ ಎಲೆಯ ಕ್ಯಾಲಾಡಿಯಂ. ಬಿಸಿಲಿಗೆ ಕಾಬಾಳೆ, ಅದರಲ್ಲೂ ಕಡುಗೆಂಪು ಎಲೆಯದು.

ಫೆಬ್ರವರಿ, ಮಾರ್ಚ್‌ನ ಹೂಗಳಿಗೆ ಗ್ಲಾಡಿಯೋಲಸ್ ನೆಚ್ಚಿಕೊಳ್ಳಬಹುದಾದದ್ದು. ರಾನನ್‌ಕ್ಯುಲಸ್, ಫ್ರೀಸಿಯಾಗಳಿಗೆ ತಂಪು ರಾತ್ರಿಗಳು ಬೇಕು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಬೀದರ್‌ನವರು ಧೈರ್ಯ ಮಾಡಬಹುದು. 400 ಮೀಟರ್‌ಗಿಂತಲೂ ತಗ್ಗಿನಲ್ಲಿರುವ ಯಾದಗಿರಿಯವರು ಆ ದುಡ್ಡನ್ನು ಇನ್ನೆರಡು ಹಿಪ್ಪಿಯಾಸ್ಟ್ರಮ್‌ಗೆ ಹಾಕುವುದು ಲೇಸು.

ಕೊಳ್ಳುವಾಗ ಕೈಗೆ ಕೆಲಸ ಕೊಡಿ

ಗೆಡ್ಡೆ ಹಿಡಿದರೆ ಗಾತ್ರಕ್ಕೆ ತಕ್ಕ ತೂಕ ಇರಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಎಲ್ಲಿಯೂ ಮೆತ್ತಗಾಗಬಾರದು. ತಲೆಕೆಳಗು ಮಾಡಿ ಬೇರು ಹುಟ್ಟುವ ಬುಡದ ಬಿಲ್ಲೆಯನ್ನು ನೋಡಿ. ಅದು ಗಟ್ಟಿಯಾಗಿ, ಒಣಗಿ, ಹಳೇ ಬೇರಿನ ಎಳೆಗಳಿಂದ ಕೂಡಿದ್ದರೆ ಒಳ್ಳೆಯದು. ಕಪ್ಪಾಗಿ ಕುಸಿದಿದ್ದರೆ ಅಥವಾ ಬೂಷ್ಟು ಹಿಡಿದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹೊರಸಿಪ್ಪೆ ಸುಲಿದಿದ್ದರೆ ಚಿಂತೆಯಿಲ್ಲ.

ಹಿಪ್ಪಿಯಾಸ್ಟ್ರಮ್ ಗೆಡ್ಡೆಯನ್ನು ಸುತ್ತಳತೆಯ ಮೇಲೆ ಮಾರುತ್ತಾರೆ. 26 ಸೆಂಟಿಮೀಟರ್‌ಗಿಂತ ಹೆಚ್ಚಿರುವುದು ಆ ವರ್ಷವೇ ಹೂ ಕೊಡುತ್ತದೆ. 30 ದಾಟಿದರೆ ಎರಡು ಹೂದಂಟುಗಳನ್ನು ನಿರೀಕ್ಷಿಸಬಹುದು. ಅಗ್ಗಕ್ಕೆ ಸಿಗುವ ನಿಂಬೆಗಾತ್ರದವು ಇನ್ನೂ ಮಕ್ಕಳು, ಎರಡು ಮೂರು ವರ್ಷ ಸಾಕಬೇಕು. ಗ್ಲಾಡಿಯೋಲಸ್‌ನಲ್ಲಿ ನಾಲ್ಕೈದು ಸೆಂಟಿಮೀಟರ್ ವ್ಯಾಸದ, ನಡು ಉಬ್ಬಿದ ಗೆಡ್ಡೆಗಳನ್ನು ಆರಿಸಿ. ಅಗಲವಾಗಿ ಚಪ್ಪಟೆಯಾಗಿರುವುದು ವಯಸ್ಸಾದದ್ದು.

ನೆಲ: ಅರ್ಧ ಕೆಲಸ ಇಲ್ಲಿದೆ

ಕಲಬುರಗಿ, ಯಾದಗಿರಿಯ ಎರೆಮಣ್ಣು ತೊಗರಿ, ಜೋಳಕ್ಕೆ ತಾಯಿಯಾದರೆ ಗೆಡ್ಡೆಗಳಿಗೆ ಮಲತಾಯಿ. ಮಳೆಗಾಲದಲ್ಲಿ ಊದಿಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಟ್ಟು ಬೇರುಗಳನ್ನು ಹರಿಯುತ್ತದೆ. ನಮ್ಮಲ್ಲಿ ಗೆಡ್ಡೆಗಳನ್ನು ಕೊಲ್ಲುವುದು ಮೇ ಬಿಸಿಲಲ್ಲ, ಸೆಪ್ಟೆಂಬರ್‌ನ ಕೆಸರು.

ಒಂದು ಪರೀಕ್ಷೆ ಮಾಡಿ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ನಾಲ್ಕೈದು ತಾಸು ಕಳೆದರೂ ನೀರು ನಿಂತೇ ಇದ್ದರೆ ಆ ಜಾಗದಲ್ಲಿ ನೇರವಾಗಿ ಗೆಡ್ಡೆ ನೆಡುವ ವಿಚಾರ ಬಿಡಿ.

ಎರೆಮಣ್ಣಿಗೆ ಒಂದೆರಡು ಬುಟ್ಟಿ ಮರಳು ಕಲಸಿದರೆ ಸರಿಹೋಗುತ್ತದೆ ಎಂಬುದು ಎಲ್ಲರೂ ಕೊಡುವ ಸಲಹೆ. ಅಷ್ಟು ಮರಳಿಗೆ ಆ ಮಣ್ಣು ಜಗ್ಗುವುದಿಲ್ಲ, ಒಣಗಿದಾಗ ಇನ್ನಷ್ಟು ಬಿಗಿಯಾಗುತ್ತದೆ. ಉಳಿದಿರುವ ದಾರಿ, ನೆಲದ ಮೇಲೆಯೇ ಏರುಪಾತಿ ಕಟ್ಟುವುದು. ಶಹಾಬಾದ್ ಕಲ್ಲಿನ ತುಂಡು ಹಾಸುಗಳು ನಮ್ಮಲ್ಲಿ ಧಾರಾಳ. ಅವನ್ನು ಅಂಚಿಗೆ ನಿಲ್ಲಿಸಿ ಒಂದರಿಂದ ಒಂದೂವರೆ ಅಡಿ ಎತ್ತರದ ಪಾತಿ ಮಾಡಿ. ತಳಕ್ಕೆ ನಾಲ್ಕು ಬೆರಳು ಗರಸು. ಮೇಲೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಪುಡಿ ತೆಗೆಯಿರಿ. ಆ ಪುಡಿ ಸಿಮೆಂಟಿನಂತೆ ಕೂತುಬಿಡುತ್ತದೆ. ಕಲ್ಲು ಮಧ್ಯಾಹ್ನ ಕಾದು ಪಕ್ಕದ ಬೇರುಗಳನ್ನು ಬೇಯಿಸುತ್ತದೆ, ಆದ್ದರಿಂದ ಗೆಡ್ಡೆಗಳು ಅಂಚಿನಿಂದ ಒಂದು ಗೇಣು ಒಳಗಿರಲಿ.

ಬೀದರ್‌ನ ಸಮಸ್ಯೆ ತಿರುವುಮುರುವು. ಅಲ್ಲಿನ ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಸಾರವೂ ನಿಲ್ಲುವುದಿಲ್ಲ. ಹಾರೆ ಹಾಕಿ ಒಂದೂವರೆ ಅಡಿ ಸಡಿಲಿಸಿ, ಗೊಬ್ಬರದ ಪಾಲನ್ನು ಇಮ್ಮಡಿ ಮಾಡಿದರೆ ಏರುಪಾತಿಯ ಖರ್ಚು ಉಳಿಯುತ್ತದೆ. ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರ್‌ಗೆ ರಾಜಧಾನಿ ಬದಲಾಯಿಸಿ, ಸುರಂಗ ಬಾವಿ ತೋಡಿಸಿ, ಕೋಟೆಯೊಳಗೆ ಸೋಲಾ ಖಂಬಾ ಮಸೀದಿಯ ಎದುರಿಗೆ ಲಾಲ್ ಬಾಗ್ ಮಾಡಿದ್ದು ಇದೇ ಕೆಂಪು ನೆಲದ ಮೇಲೆ. ನೀರಿನ ವ್ಯವಸ್ಥೆ ಮೊದಲು, ಹೂವಿನ ಮಾತು ಆಮೇಲೆ ಎಂಬ ಕ್ರಮವನ್ನು ಅವರಿಂದ ಕಲಿಯಬಹುದು.

ಗೊಬ್ಬರದ ಬಗ್ಗೆ ಒಂದು ತಕರಾರು. ಗೆಡ್ಡೆ ಎಂದ ಕೂಡಲೇ ಎಲುಬಿನ ಪುಡಿ ಹಾಕಿ ಎನ್ನುತ್ತಾರೆ. ಅದರಲ್ಲಿರುವ ರಂಜಕ ಕರಗಲು ಮಣ್ಣು ಹುಳಿಯಾಗಿರಬೇಕು. ಕಲಬುರಗಿ, ಯಾದಗಿರಿಯ ಸುಣ್ಣದಂಶದ ಕ್ಷಾರ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಬದಲಿಗೆ ಚದರ ಮೀಟರಿಗೆ ಒಂದು ಹಿಡಿ ಸಿಂಗಲ್ ಸೂಪರ್ ಫಾಸ್ಫೇಟ್ ಬೆರೆಸಿ. ಒಲೆಯ ಬೂದಿಯೂ ಬೇಡ, ಅದು ಕ್ಷಾರವನ್ನು ಇನ್ನಷ್ಟು ಏರಿಸುತ್ತದೆ.

ನೆಡುವ ಹೊತ್ತು, ಆಳ, ಅಂತರ

ಹಿಂಗಾರಿ ಜೋಳದ ಬಿತ್ತನೆ ಮುಗಿದು ಮಳೆ ಹಿಂದೆ ಸರಿದ ಮೇಲೆ ಚಳಿಗಾಲದ ಗೆಡ್ಡೆಗಳ ಸರದಿ. ಮಾರ್ಚ್ ಹೊತ್ತಿಗೆ ಗ್ಲಾಡಿಯೋಲಸ್ ಬೇಕೆಂದರೆ ದೀಪಾವಳಿಯಿಂದ ಎಳ್ಳ ಅಮಾವಾಸ್ಯೆಯವರೆಗೆ ಹದಿನೈದು ದಿನಕ್ಕೊಂದು ಕಂತಿನಂತೆ ನೆಡಿ. ತಳಿಗೆ ತಕ್ಕಂತೆ ಎರಡರಿಂದ ಮೂರು ತಿಂಗಳಲ್ಲಿ ಹೂ ಬರುತ್ತದೆ. ಕೊನೆಯ ಕಂತು ಹೋಳಿಯ ಬಳಿಕ ಬರುವ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಸಿಕ್ಕರೆ ಸರಿಯಾದ ಲೆಕ್ಕ. ಅದಕ್ಕಿಂತ ತಡವಾದದ್ದು ಬಿಸಿಲಿಗೆ ಮುದುಡಿ ಥ್ರಿಪ್ಸ್ ಕೀಟಕ್ಕೆ ಊಟವಾಗುತ್ತದೆ. ನೆಡುವ ಮುನ್ನ ಗೆಡ್ಡೆಗಳನ್ನು ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಂ ಶಿಲೀಂಧ್ರನಾಶಕ ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ ನೆರಳಲ್ಲಿ ಆರಿಸಿ, ಕೈಗವಸು ಹಾಕಿಕೊಂಡು. ಆಳ 10ರಿಂದ 12 ಸೆಂಟಿಮೀಟರ್, ಅಂತರ ಒಂದು ಗೇಣು. ದಂಟು ಬಾಗದಂತೆ ಆಸರೆ ಬೇಕು; ರಾಶಿ ಮುಗಿದ ಹೊಲದ ತೊಗರಿ ಕಟ್ಟಿಗೆಗಿಂತ ಒಳ್ಳೆಯ ಆಸರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ರಾನನ್‌ಕ್ಯುಲಸ್ ಗೆಡ್ಡೆ ಒಣಗಿದ ಹಕ್ಕಿ ಕಾಲಿನ ಹಾಗಿರುತ್ತದೆ. ಮೂರು ನಾಲ್ಕು ತಾಸು ನೀರಲ್ಲಿ ನೆನೆಸಿ, ಉಗುರುಗಳು ಕೆಳಮುಖವಾಗಿರುವಂತೆ 5 ಸೆಂಟಿಮೀಟರ್ ಆಳಕ್ಕೆ ಊರಿ. ನವೆಂಬರ್‌ನ ತಂಪು ಬರುವವರೆಗೆ ಆತುರ ಬೇಡ, ಬಿಸಿ ಮಣ್ಣಿನಲ್ಲಿ ಅದು ಕೊಳೆಯುತ್ತದೆ.

ಮಳೆ ಲಿಲ್ಲಿಯನ್ನು 5 ಸೆಂಟಿಮೀಟರ್ ಆಳಕ್ಕೆ, ನಾಲ್ಕು ಬೆರಳಿನ ಅಂತರದಲ್ಲಿ ಯಾವಾಗ ನೆಟ್ಟರೂ ನಡೆಯುತ್ತದೆ. ಫುಟ್‌ಬಾಲ್ ಲಿಲ್ಲಿಯನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಟ್ಟು ಮರೆತುಬಿಡಿ. ಪದೇ ಪದೇ ಕಿತ್ತರೆ ಅದು ಮುನಿಸಿಕೊಂಡು ಒಂದೆರಡು ವರ್ಷ ಹೂ ಬಿಡುವುದಿಲ್ಲ.

ಹಿಪ್ಪಿಯಾಸ್ಟ್ರಮ್: ಇದರ ಲೆಕ್ಕ ಅರಿತರೆ ಸಾಕು

ಈ ಗೆಡ್ಡೆಯನ್ನು ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಹೊರಗಿರುವಂತೆ ನೆಡಬೇಕು. ಪೂರ್ತಿ ಹೂತರೆ ಕುತ್ತಿಗೆಯಲ್ಲಿ ನೀರು ನಿಂತು ಕೊಳೆಯುತ್ತದೆ. ಕುಂಡದಲ್ಲಾದರೆ ಗೆಡ್ಡೆಗೂ ಅಂಚಿಗೂ ನಡುವೆ ಎರಡು ಬೆರಳು ಜಾಗ ಸಾಕು. ದೊಡ್ಡ ಕುಂಡದ ಹೆಚ್ಚುವರಿ ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ತೊಂದರೆ ಕೊಡುತ್ತದೆ. ಸುಟ್ಟ ಮಣ್ಣಿನ ಕುಂಡವೇ ಉತ್ತಮ.

ಕೊಳೆತ ಗೆಡ್ಡೆಯೊಂದು ಸಿಕ್ಕರೆ ಎಸೆಯುವ ಮೊದಲು ಉದ್ದಕ್ಕೆ ಸೀಳಿ ನೋಡಿ. ಉಳ್ಳಾಗಡ್ಡಿಯಂತೆ ಪದರಗಳು. ಪ್ರತಿ ಪದರವೂ ಒಂದು ಎಲೆಯ ಬುಡ. ಸುಮಾರು ನಾಲ್ಕು ಎಲೆಗಳಿಗೊಂದು ಹೂಮೊಗ್ಗು ಆ ಪದರಗಳ ನಡುವೆ ಸಿಕ್ಕಿಕೊಂಡಿರುತ್ತದೆ: ಹಸಿರು ಬಿಳುಪಿನ, ಅಕ್ಕಿಕಾಳಿನಷ್ಟೋ ಕಡಲೆಯಷ್ಟೋ ಗಾತ್ರದ್ದು. ಮುಂದಿನ ವರ್ಷದ ಹೂ ಈ ವರ್ಷದ ಎಲೆಗಳಲ್ಲಿಯೇ ತೀರ್ಮಾನವಾಗಿದೆ ಎಂಬುದಕ್ಕೆ ಇದು ಸಾಕ್ಷಿ. ಮಳೆಗಾಲದಲ್ಲಿ ನಾಲ್ಕೇ ಎಲೆ ಬಂದಿದ್ದರೆ ಒಂದು ದಂಟು, ಎಂಟು ಬಂದಿದ್ದರೆ ಎರಡು. ಹೂ ಬಿಡಲಿಲ್ಲ ಎಂದು ದೂರುವವರು ಹೋದ ವರ್ಷ ಎಷ್ಟು ಎಲೆ ಇತ್ತು ಎಂದು ನೆನಪಿಸಿಕೊಳ್ಳಬೇಕು.

ವರ್ಷದ ಚಕ್ರ ಹೀಗಿರಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಎಲೆಯ ಕಾಲ: ತಿಂಗಳಿಗೊಮ್ಮೆ ಗೊಬ್ಬರ, ಆಗಸ್ಟ್‌ನಲ್ಲಿ ಲೀಟರ್‌ಗೆ 3 ಗ್ರಾಂ ಪೊಟ್ಯಾಷ್ ಸಲ್ಫೇಟ್ ಕರಗಿಸಿದ ನೀರು. ಯೂರಿಯಾ ಹೆಚ್ಚಾದರೆ ಎಲೆ ಸೊಂಪು, ಗೆಡ್ಡೆ ಮೆತ್ತಗೆ. ನವೆಂಬರ್ ಬಂದಾಗ ನೀರು ನಿಲ್ಲಿಸಿ. ಇಲ್ಲಿಯೇ ಎಲ್ಲರಿಗೂ ಕನಿಕರ ಉಕ್ಕುವುದು. ಎಲೆ ಹಳದಿಯಾಗುತ್ತಿದೆ ಎಂದು ಒಂದು ತಂಬಿಗೆ ನೀರು ಹೊಯ್ದರೆ ವಿಶ್ರಾಂತಿ ಕೆಟ್ಟಿತು. ಎಂಟರಿಂದ ಹತ್ತು ವಾರ ಒಣಗಲಿ, ಎಲೆ ತಾನಾಗಿ ಬಾಡಲಿ. ಸಂಕ್ರಾಂತಿ ಮುಗಿದ ಮೇಲೆ ಮೇಲ್ಮಣ್ಣು ಬದಲಿಸಿ ಒಮ್ಮೆ ಚೆನ್ನಾಗಿ ನೀರುಣಿಸಿ. ಮೊಳಕೆ ಕಾಣುವವರೆಗೆ ಮತ್ತೆ ನೀರಿನ ಅಗತ್ಯವಿಲ್ಲ. ಚಪ್ಪಟೆ ತುದಿಯದು ಎಲೆ, ದಪ್ಪಗೆ ಮೊನಚಾಗಿ ಬರುವುದು ಹೂದಂಟು. ನೀರುಣಿಸಿದ ಆರರಿಂದ ಎಂಟು ವಾರಗಳಲ್ಲಿ ಹೂ ಅರಳುತ್ತದೆ, ಅಂದರೆ ಮಾರ್ಚ್. ಅರಳಿದ ಮೇಲೆ ಮಧ್ಯಾಹ್ನದ ಬಿಸಿಲಿನಿಂದ ಮರೆ ಮಾಡಿದರೆ ಹೂ ಎರಡು ದಿನ ಹೆಚ್ಚು ನಿಲ್ಲುತ್ತದೆ.

ಜೋಡಣೆ

ಸಾಲು ಹಿಡಿದು ನೆಟ್ಟರೆ ಸರ್ಕಾರಿ ಕಚೇರಿಯ ಆವರಣದಂತೆ ಕಾಣುತ್ತದೆ. ಒಂದೇ ಬಣ್ಣದ ಏಳೆಂಟು ಗೆಡ್ಡೆಗಳನ್ನು ಒಂದು ಗುಂಪಾಗಿ ಹಾಕಿ. ಹಿಂದೆ ಬಾಳೆ, ಕೆಂಪು ಕಾಬಾಳೆ. ನಡುವೆ ಕ್ರೈನಮ್, ಅದರ ಪೂರ್ವಕ್ಕೆ ಹಿಪ್ಪಿಯಾಸ್ಟ್ರಮ್ ಗುಂಪುಗಳು. ಅಂಚಿಗೆ ಮಳೆ ಲಿಲ್ಲಿ. ಬೇವಿನ ಮರವಿದ್ದರೆ ಅದರ ಚದುರಿದ ನೆರಳಲ್ಲಿ ಫುಟ್‌ಬಾಲ್ ಲಿಲ್ಲಿ, ಕ್ಯಾಲಾಡಿಯಂ. ಮರವಿಲ್ಲದವರು ಮಾರ್ಚ್ ಕೊನೆಯಿಂದ 50 ಶೇಕಡಾ ನೆರಳು ಪರದೆಯನ್ನು ಪಶ್ಚಿಮಕ್ಕೆ ಕಟ್ಟಲಿ. ನಮ್ಮಲ್ಲಿ ಮಾಡು ಹೊದಿಸುವುದಕ್ಕಿಂತ ಪಡುವಣ ಬಿಸಿಲನ್ನು ತಡೆಯುವುದು ಮುಖ್ಯ.

ಗೆಡ್ಡೆ ಮಲಗಿರುವ ಜಾಗಕ್ಕೆ ಗುರುತು ಇಡಿ. ಖಾಲಿ ಕಂಡ ಪಾತಿಗೆ ಮನೆಯವರು ಗುದ್ದಲಿ ಹಾಕುವುದು ಎಲ್ಲ ಊರಿನ ಕಥೆ. ಬಣ್ಣ ಬಳಿದ ಶಹಾಬಾದ್ ಕಲ್ಲಿನ ಚೂರು ಸಾಕು.

ಬೇಸಿಗೆ ದಾಟಿಸುವುದು

ಹೂ ಬಾಡಿದ ಕೂಡಲೇ ದಂಟನ್ನಷ್ಟೇ ಕತ್ತರಿಸಿ, ಎಲೆ ಮುಟ್ಟಬೇಡಿ. ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಒಣ ಬೇವಿನ ಎಲೆ ಹೊದಿಸಿ. ತೊಗರಿ ಹೊಟ್ಟೂ ಆಗುತ್ತದೆ, ಆದರೆ ದನಕ್ಕೆ ತಿನ್ನಿಸುವುದನ್ನು ಪಾತಿಗೆ ಹಾಕಲು ಹಳ್ಳಿಯಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನೀರು ಸಂಜೆ ಕೊಡಿ, ಗೆಡ್ಡೆಯ ತಲೆಯ ಮೇಲಲ್ಲ, ಸುತ್ತ.

ಬೋರ್‌ವೆಲ್ ನೀರು ಗಡುಸು. ಕುಂಡದ ಹೊರಮೈ ಮೇಲೆ ಬಿಳಿ ಉಪ್ಪು ಕಾಣತೊಡಗಿದರೆ ಮಣ್ಣು ಕೂಡ ಉಪ್ಪುಗಟ್ಟುತ್ತಿದೆ ಎಂದರ್ಥ. ಮೊದಲ ಒಳ್ಳೆಯ ಮಳೆಗೆ ಕುಂಡಗಳನ್ನು ಬಯಲಿಗಿಟ್ಟು ತೊಳೆದುಕೊಳ್ಳಲು ಬಿಡಿ. ಎಳೆ ಎಲೆಗಳ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಸುಣ್ಣದ ನೆಲದಲ್ಲಿ ಕಬ್ಬಿಣ ಇದ್ದೂ ಸಿಗುವುದಿಲ್ಲ. ಲೀಟರ್‌ಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ.

ಹುಳು, ವಿಷ

ಮಳೆ ಶುರುವಾದ ಮೇಲೆ ಲಿಲ್ಲಿ ಎಲೆಗಳ ಮೇಲೆ ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಗಳಿರುವ ಕಂಬಳಿಹುಳುಗಳು ಬರುತ್ತವೆ. ಲಿಲ್ಲಿ ಪತಂಗದ ಮರಿಗಳಿವು. ಗುಂಪಾಗಿ ಮೇಯುತ್ತವೆ, ಎರಡು ರಾತ್ರಿಯಲ್ಲಿ ಪಾತಿ ಬೋಳಾಗುತ್ತದೆ. ಬೆಳಿಗ್ಗೆ ಬೇಗ ಆರಿಸಿ ಸಾಬೂನು ನೀರಿಗೆ ಹಾಕುವುದೇ ಖಚಿತ ಉಪಾಯ. ಎಳೆಯ ಹುಳುಗಳಿಗೆ ಶೇಕಡಾ 5ರ ಬೇವಿನ ಬೀಜದ ಕಷಾಯ ಕೆಲಸ ಮಾಡುತ್ತದೆ. ಎಲೆ, ದಂಟಿನ ಮೇಲೆ ಕೆಂಪು ಗೆರೆ, ಚುಕ್ಕೆ ಕಂಡರೆ ಅದು ಶಿಲೀಂಧ್ರ. ಆ ಭಾಗ ಕತ್ತರಿಸಿ ಸುಡಿ, ಎಲೆ ಒದ್ದೆಯಾಗದಂತೆ ನೀರು ಕೊಡಿ.

ಹಿಪ್ಪಿಯಾಸ್ಟ್ರಮ್, ಕ್ರೈನಮ್, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ, ನರ್ಗಿಸ್ ಎಲ್ಲದರ ಗೆಡ್ಡೆಯಲ್ಲಿಯೂ ಲೈಕೋರಿನ್ ಎಂಬ ವಿಷವಿದೆ. ತಿಂದರೆ ವಾಂತಿ, ಭೇದಿ. ಕಿತ್ತ ಗೆಡ್ಡೆಗಳನ್ನು ಉಳ್ಳಾಗಡ್ಡಿ ಬುಟ್ಟಿಯ ಸಮೀಪವೂ ಇಡಬೇಡಿ. ಅಡುಗೆಮನೆಯ ಮಬ್ಬು ಬೆಳಕಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆಡು, ದನ ಕಟ್ಟುವ ಕಡೆಗೂ ನೆಡಬಾರದು. ಈ ವಿಷದ ದೆಸೆಯಿಂದ ಹೆಗ್ಗಣಗಳು ಇವುಗಳ ಗೋಜಿಗೆ ಹೋಗುವುದು ಕಡಿಮೆ. ಗ್ಲಾಡಿಯೋಲಸ್‌ಗೆ ಆ ರಕ್ಷಣೆ ಇಲ್ಲ, ಅದರ ಪಾತಿಯ ತಳಕ್ಕೆ ಜಾಲರಿ ಹಾಸಿ.

ಕೀಳುವುದು, ಹಂಚುವುದು

ಗ್ಲಾಡಿಯೋಲಸ್ ಹೂ ಮುಗಿದ ಆರೆಂಟು ವಾರಕ್ಕೆ ಎಲೆ ಹಳದಿಯಾದಾಗ ಗೆಡ್ಡೆ ಕಿತ್ತು, ನೆರಳಲ್ಲಿ ಎರಡು ವಾರ ಆರಿಸಿ. ಕೆಳಗೆ ಸುಕ್ಕುಗಟ್ಟಿದ ಹಳೇ ಗೆಡ್ಡೆ, ಮೇಲೆ ಹೊಸದು, ಸುತ್ತ ಕಾಳಿನಂಥ ಮರಿಗಳು. ಹಳೆಯದನ್ನು ತಿರುಚಿ ಎಸೆಯಿರಿ. ಹೊಸದನ್ನು ಬಲೆ ಚೀಲದಲ್ಲಿ ಹಾಕಿ, ಮನೆಯಲ್ಲಿ ಗಾಳಿಯಾಡುವ ಅತಿ ತಂಪಾದ ಜಾಗದಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡ.

ಹಿಪ್ಪಿಯಾಸ್ಟ್ರಮ್, ಮಳೆ ಲಿಲ್ಲಿಗಳನ್ನು ಮೂರ್ನಾಲ್ಕು ವರ್ಷಕ್ಕೊಮ್ಮೆ ಬಿಡಿಸಿದರೆ ಸಾಕು. ಮರಿ ಗೆಡ್ಡೆಗೆ ಸ್ವಂತ ಬೇರು ಬಂದಿದ್ದರೆ ಮಾತ್ರ ತಾಯಿಯಿಂದ ಬೇರ್ಪಡಿಸಿ. ಗಾಯ ಒಣಗಲು ಎರಡು ದಿನ ಬಿಟ್ಟು, ಮೃಗಶಿರ ಮಳೆಗೆ ಮುನ್ನ ಹೊಸ ಪಾತಿಗೆ ಹಾಕಿ. ಉಳಿದದ್ದನ್ನು ನೆರೆಮನೆಗೆ ಕೊಡುವಾಗ ಬಣ್ಣ ಬರೆದ ಚೀಟಿ ಕಟ್ಟಿ, ನವೆಂಬರ್‌ನಲ್ಲಿ ನೀರು ನಿಲ್ಲಿಸಬೇಕೆಂದು ಅದರಲ್ಲೇ ಬರೆದಿಡಿ.